ಗುಳ್ಳೆ ಕಂಡರೆ ಕೇಳಿಬಿಡಿ

ಎಳೆಮಕ್ಕಳ ಕೆಮ್ಮು, ಜ್ವರ, ಏದುಸಿರಿಗೆ ಬಹುಪಾಲು ಸೋಂಕೇ ಕಾರಣ. ಆದರೆ ನ್ಯುಮೋನಿಯಾ ಎಂದು ಔಷಧಿ ಪೂರ್ತಿ ಕೊಟ್ಟ ಮೇಲೂ ಎಕ್ಸ್‌ರೇಯಲ್ಲಿ ಅದೇ ಜಾಗದ ಬಿಳಿ ಕಲೆ ಉಳಿದಿದ್ದರೆ, ಶ್ವಾಸಕೋಶದಲ್ಲಿ ಗಾಳಿಗುಳ್ಳೆ ಕಂಡರೆ, “ಸಿ.ಟಿ. ಸ್ಕ್ಯಾನ್ ಬೇಕಾಗುತ್ತಾ ಡಾಕ್ಟ್ರೇ?” ಎಂದು ಕೇಳಿ. ಸಂಕೋಚ ಬೇಡ.

ಏಕೆಂದರೆ ಅದು ಒಮ್ಮೊಮ್ಮೆ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಇರಬಹುದು. ಇದು ಶ್ವಾಸಕೋಶದ ತೀರಾ ಅಪರೂಪದ ಕ್ಯಾನ್ಸರ್. ವರ್ಷದೊಳಗಿನ ಕೂಸಿನಲ್ಲಿ ಅದು ಸಾಮಾನ್ಯವಾಗಿ ಬರೀ ಗುಳ್ಳೆಯಾಗಿರುತ್ತದೆ. ಹುಟ್ಟಿನಿಂದ ಬಂದ ನಿರಪಾಯದ ಗುಳ್ಳೆಗೂ ಇದಕ್ಕೂ ಸ್ಕ್ಯಾನಿನಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಗುಳ್ಳೆಯಾಗಿದ್ದಾಗಲೇ ಶಸ್ತ್ರಚಿಕಿತ್ಸೆ ಮಾಡಿ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಮೂರು-ನಾಲ್ಕು ವರ್ಷದ ಹೊತ್ತಿಗೆ ಗಟ್ಟಿ ಗೆಡ್ಡೆಯಾದರೆ ಮಿದುಳಿಗೂ ಹರಡಬಹುದು. ಶಸ್ತ್ರಚಿಕಿತ್ಸೆಯ ಜೊತೆಗೆ ತಿಂಗಳುಗಟ್ಟಲೆ ಕಿಮೋಥೆರಪಿ ಬೇಕು. ಈ ಅಂತರ ನೆನೆದರೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ಮಾತು. ಈ ಕ್ಯಾನ್ಸರ್ ಬಂದ ಬಹಳಷ್ಟು ಮಕ್ಕಳಲ್ಲಿ ಡೈಸರ್-1 ಎಂಬ ವಂಶವಾಹಿಯ ದೋಷವಿರುತ್ತದೆಂದು 2009ರಲ್ಲಿ ಗೊತ್ತಾಯಿತು. ಆದ್ದರಿಂದ ಮಗುವಿನ ಒಡಹುಟ್ಟಿದವರ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ವಿಚಾರಿಸಿ. ಈ ಕಾಯಿಲೆ ತಾಯಿ ಬಸುರಿಯಾಗಿದ್ದಾಗ ತಿಂದದ್ದರಿಂದ ಬಂದದ್ದಲ್ಲ. ಯಾರೂ ಆಕೆಯನ್ನು ದೂರಬೇಡಿ.

ತೆಗೆದ ಗುಳ್ಳೆ ಪೆಥಾಲಜಿ ಪರೀಕ್ಷೆಗೆ ಹೋಯಿತೇ ಎಂದು ಖಚಿತಪಡಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಆ ಗುಳ್ಳೆಯ ಅಂಗಾಂಶದ ಸ್ಲೈಡು, ಬ್ಲಾಕುಗಳನ್ನೂ ಕೇಳಿ ತೆಗೆದುಕೊಂಡು ಹೋಗಿ.