ನಡ ವಾಲಿತೆಂದು ಎದೆಗುಂದಬೇಡ

ತಂಗಿ, ಎಕ್ಸ್‌ರೇ ರಿಪೋರ್ಟಿನಲ್ಲಿ ‘ಸ್ಕೋಲಿಯೋಸಿಸ್, 26 ಡಿಗ್ರಿ’ ಅಂತ ಬರೆದದ್ದು ಓದಿದಾಗಿನಿಂದ ನೀನು ರೊಟ್ಟಿ ಬಡಿಯುವುದನ್ನೂ ಬಿಟ್ಟು ಮಂಚ ಹಿಡಿದಿದ್ದೀ ಅಂತ ಕೇಳಿದೆ. ಅದಕ್ಕೇ ಈ ನಾಲ್ಕು ಮಾತು. ನಾನು ಡಾಕ್ಟರಲ್ಲ. ಆದರೆ ನನ್ನ ನಡವೂ ವಾಲಿ ಬಹಳ ವರ್ಷಗಳಾದವು. ಗಾಜಿಪುರದ ನಮ್ಮ ಮನೆಯ ಮೆಟ್ಟಿಲು ನಾನು ಇವತ್ತಿಗೂ ಹತ್ತಿ ಇಳಿಯುತ್ತೇನೆ.

ಬೆನ್ನೆಲುಬು ಪಕ್ಕಕ್ಕೆ ಬಾಗಿ, ಜೊತೆಗೆ ಒಂದಿಷ್ಟು ತಿರುಚಿಕೊಂಡರೆ ಅದು ಸ್ಕೋಲಿಯೋಸಿಸ್. ಬಾಗಿದ್ದು ಎಷ್ಟು ಅಂತ ಅಳೆಯುವ ಲೆಕ್ಕವನ್ನು 1948ರಲ್ಲಿ ಕೊಟ್ಟವರು ಅಮೆರಿಕದ ಜಾನ್ ಕಾಬ್ ಎಂಬ ಎಲುಬಿನ ಡಾಕ್ಟರು. 10 ಡಿಗ್ರಿ ದಾಟಿದರೆ ಮಾತ್ರ ಈ ಹೆಸರು. ಒಂದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೆ ನಾಲ್ಕೈದು ಡಿಗ್ರಿ ಹೆಚ್ಚುಕಮ್ಮಿ ಬರುವುದುಂಟು. ಹಾಗಾಗಿ ಮುಂದಿನ ಸಲ 29 ಅಂತ ಬಂದರೆ ಅಷ್ಟಕ್ಕೇ ಕೈಕಾಲು ಬಿಡಬೇಡ.

ಮೊದಲು ತಿಳಿಯಬೇಕಾದದ್ದು ಇದು ಹಳೆಯದೋ ಹೊಸದೋ ಅನ್ನುವುದು. ದೊಡ್ಡವರಲ್ಲಿ ಕಾಣುವ ಬಾಗು ಮುಖ್ಯವಾಗಿ ಎರಡು ಬಗೆ. ಹತ್ತು ಹದಿನೈದರ ವಯಸ್ಸಿನಲ್ಲಿ ಶುರುವಾಗಿ, ಯಾರ ಕಣ್ಣಿಗೂ ಬೀಳದೆ ಉಳಿದುಬಂದದ್ದು ಒಂದು. ಐವತ್ತು ದಾಟಿದ ಮೇಲೆ ನಡದ ಗಾದಿಗಳೂ (ಡಿಸ್ಕ್) ಕೀಲುಗಳೂ ಸವೆದು ಹೊಸದಾಗಿ ಬಂದದ್ದು ಇನ್ನೊಂದು. ನಿನ್ನ ಮದುವೆಯ ಫೋಟೋ ತೆಗೆದು ನೋಡು. ಅಲ್ಲಿಯೂ ಒಂದು ಭುಜ ಇಳಿದಿದ್ದರೆ, ಕುಪ್ಪಸ ಹೊಲಿಯುವವರು ಆಗಿನಿಂದಲೂ ಎರಡು ಕಡೆ ಬೇರೆ ಅಳತೆ ಇಡುತ್ತಿದ್ದರೆ ಅದು ಹಳೆಯದು. ಈಚೆಗೆ ಮಾತ್ರ ಸೀರೆಯ ಅಂಚು ಒಂದು ಕಡೆ ಮೇಲೇರುತ್ತಿದ್ದರೆ ಹೊಸದಿರಬಹುದು. ಹಳೆಯ ಬಾಗು 30 ಡಿಗ್ರಿಗಿಂತ ಕಡಿಮೆ ಇದ್ದರೆ ಮುಂದೆ ಹೆಚ್ಚುವುದು ಅಪರೂಪ. 50 ದಾಟಿದ್ದರೆ ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು ಏರಬಹುದು. ಸವೆತದಿಂದ ಬಂದದ್ದರ ಮೇಲೆ ಆಗಾಗ ಕಣ್ಣಿಡಬೇಕು.

ನೀರಿನ ಕೊಡ ಹೊತ್ತದ್ದಕ್ಕೆ ಹೀಗಾಯಿತು ಅಂತ ಅತ್ತೆಯನ್ನೋ ನಿನ್ನನ್ನೋ ದೂರಬೇಡ. ಹರೆಯದಲ್ಲಿ ಬರುವ ಬಾಗಿಗೆ ಬಹಳ ಸಲ ಕಾರಣವೇ ಗೊತ್ತಾಗುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಚಿಕಿತ್ಸೆ ಪಡೆಯದ ಇಂಥವರನ್ನು ಐವತ್ತು ವರ್ಷ ಗಮನಿಸಿ 2003ರಲ್ಲಿ ವರದಿ ಬರೆದರು. ಬೆನ್ನುನೋವು ಬೇರೆಯವರಿಗಿಂತ ಹೆಚ್ಚಿತ್ತು, ನಿಜ. ಆದರೂ ಬಹುಪಾಲು ಜನ ದುಡಿದು, ಸಂಸಾರ ಮಾಡಿ ಬಾಳಿದ್ದರು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಮಲಾಪುರದ ಕಡೆ ಯಾರೋ ಬೆನ್ನು ತುಳಿದು ನೆಟ್ಟಗೆ ಮಾಡುತ್ತಾರಂತೆ ಅಂದರೆ ಹೋಗಬೇಡ. ಮುಟ್ಟು ನಿಂತ ಹೆಂಗಸಿನ ಎಲುಬು ಟೊಳ್ಳಾಗಿದ್ದರೆ ತುಳಿತಕ್ಕೆ ಮುರಿಯಬಹುದು. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ, ಹಾಯೆನಿಸುತ್ತದೆ. ಬಾಗು ಹೋಗುವುದಿಲ್ಲ. ನಡಕ್ಕೆ ಕಟ್ಟುವ ಬೆಲ್ಟೂ ಅಷ್ಟೇ. ಬೆಳೆಯುವ ಮಕ್ಕಳಿಗೆ ಅದು ಬಾಗು ಹೆಚ್ಚದಂತೆ ತಡೆಯುತ್ತದೆ, ನಮ್ಮ ವಯಸ್ಸಿಗೆ ನೆಟ್ಟಗೆ ಮಾಡುವುದಿಲ್ಲ. ನೋವು ಜೋರಾದಾಗ ಸ್ವಲ್ಪ ಹೊತ್ತು ಕಟ್ಟಿಕೊಳ್ಳಬಹುದು. ಇಡೀ ದಿನ ಕಟ್ಟಿದರೆ ನಡದ ಸ್ನಾಯು ಸೋಲುತ್ತದೆ.

ಡಿಗ್ರಿಗಿಂತ ನಿನ್ನ ನೋವನ್ನೂ ಕಾಲಿನ ಕಸುವನ್ನೂ ನೋಡಿಕೋ. ಜಿಮ್ಸ್ ಆಸ್ಪತ್ರೆಗೋ ಬಸವೇಶ್ವರ ದವಾಖಾನೆಗೋ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸು. ಕತ್ತಿನಿಂದ ಸೊಂಟದವರೆಗಿನ ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು, ಮಲಗಿ ತೆಗೆಸಿದರೆ ಬಾಗು ಕಡಿಮೆ ಕಾಣುತ್ತದೆ. ಎಲುಬಿನ ಸಾಂದ್ರತೆಯ ಪರೀಕ್ಷೆ ಬೇಕೇ ಅಂತ ನೀನೇ ಕೇಳು. ಫಿಸಿಯೋಥೆರಪಿಯವರು ಹೊಟ್ಟೆ, ಬೆನ್ನಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕಲಿಸುತ್ತಾರೆ. ಎರಡು ವಾರ ಮಾಡಿ ಗುಣವಿಲ್ಲ ಅಂತ ಬಿಡಬೇಡ, ತಿಂಗಳುಗಟ್ಟಲೆ ಮಾಡಿದರೇ ಫಲ. ಬೆಳಗಿನ ತಂಪಿನಲ್ಲಿ ಅಪ್ಪನ ಕೆರೆಯ ಕಡೆ ನಡೆ. ರೊಟ್ಟಿ ಬಡಿ, ಆದರೆ ನೆಲದ ಮೇಲೆ ಬಾಗಿ ಕೂಡುವುದು ಬಿಟ್ಟು ಕಟ್ಟೆಯ ಎತ್ತರಕ್ಕೆ ಕಲ್ಲು ಇಟ್ಟುಕೊಂಡು ನಿಂತು ಬಡಿ. ಊಟದಲ್ಲಿ ಹಾಲು, ಮೊಸರು, ಎಳ್ಳು ಇರಲಿ. ನೋವಿನ ಗುಳಿಗೆಯನ್ನು ಮೆಡಿಕಲ್ ಅಂಗಡಿಯಿಂದ ನೀನಾಗಿಯೇ ತಂದು ದಿನಾ ನುಂಗಬೇಡ, ಕಿಡ್ನಿಗೂ ಹೊಟ್ಟೆಗೂ ಕೇಡು.

ಸ್ವಲ್ಪ ನಡೆಯುವುದರೊಳಗೆ ಕಾಲು ಜೋಮು ಹಿಡಿದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುತ್ತದೆಯೇ? ನರಕ್ಕೆ ಒತ್ತಡ ಬಿದ್ದಿರಬಹುದು, ಮುಚ್ಚಿಡದೆ ಡಾಕ್ಟರಿಗೆ ಹೇಳು. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ ಅಂದೇ ದವಾಖಾನೆ ಸೇರಬೇಕು, ಬೆಳಗಾಗಲಿ ಅಂತ ಕಾಯಬಾರದು.

ಆಪರೇಷನ್ ಕೊನೆಯ ದಾರಿ. ಸ್ಕ್ರೂ, ಸರಳು ಹಾಕಿ ಎಲುಬುಗಳನ್ನು ಬೆಸೆಯುವ ದೊಡ್ಡ ಕೆಲಸ ಅದು. ವಯಸ್ಸಾದಷ್ಟೂ ತೊಡಕು ಹೆಚ್ಚು, ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಉಳಿದ ಚಿಕಿತ್ಸೆಗೆ ನೋವು ಬಗ್ಗದೆ ಬದುಕೇ ನಿಂತಂತಾದರೆ, ಕಾಲಿನ ಬಲ ಕುಂದುತ್ತಿದ್ದರೆ ಅದರ ಮಾತು. ಆಗಲೂ ಬೆನ್ನೆಲುಬಿನ ಕೆಲಸವನ್ನೇ ಮಾಡುವ ಇಬ್ಬರು ಡಾಕ್ಟರರ ಅಭಿಪ್ರಾಯ ಕೇಳಿ ಮುಂದುವರಿ.

ಇನ್ನು ನಿನ್ನ ಮೊಮ್ಮಗಳು. ನಿನ್ನದು ಹರೆಯದಿಂದ ಬಂದ ಬಾಗಾದರೆ ಮನೆತನದಲ್ಲಿ ಇನ್ನೊಬ್ಬರಿಗೂ ಬರುವುದುಂಟು. ಹುಡುಗಿಯನ್ನು ಕಾಲು ಜೋಡಿಸಿ ನಿಲ್ಲಿಸಿ, ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡು. ಬೆನ್ನು ಒಂದು ಕಡೆ ಉಬ್ಬಿ ಕಂಡರೆ ಈ ತಿಂಗಳೇ ಕರೆದುಕೊಂಡು ಹೋಗು, ಬೆಲ್ಟಿನಿಂದ ಪ್ರಯೋಜನವಾಗುವುದು ಬೆಳೆಯುವ ವಯಸ್ಸಿನಲ್ಲೇ.