ಹಾಲನ್ನ ಫಲಾರ, ಇಲಿ ಊಟ

ಬೆಕ್ಕಿನ ಮರಿ ತಂದಿದ್ದೀಯಂತೆ, ಸಂತೋಷ ಕಣಮ್ಮ. "ಅಜ್ಜಿ ಹಾಲನ್ನ ಹಾಕಿಯೇ ಸಾಕುತ್ತಿರಲಿಲ್ಲವೇ?" ಅಂದೆಯಂತೆ. ಸಾಕುತ್ತಿದ್ದರು, ನಿಜ. ಆದರೆ ಹಗಲು ಹಾಲನ್ನ ನೆಕ್ಕಿದ ಬೆಕ್ಕು ರಾತ್ರಿ ಅಟ್ಟದಲ್ಲಿ ಇಲಿ ಹಿಡಿಯುತ್ತಿತ್ತು. ಹಾಲನ್ನ ಅದಕ್ಕೆ ಫಲಾರ, ಊಟ ಇಲಿಯದೇ. ನಿನ್ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಆ ಊಟ ಬಡಿಸಬೇಕಾದವಳು ನೀನು.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಸತ್ವವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅನ್ನ, ಬೇಳೆ, ತರಕಾರಿಯಲ್ಲಿ ಅದು ಸಿಗುವುದಿಲ್ಲ. ಕೊರತೆ ಬಿದ್ದರೆ ಕಣ್ಣು ಹೋಗಬಹುದು, ಹೃದಯ ಸೋಲಬಹುದು. ಹೃದಯದ ನಂಟು 1987ರಲ್ಲಿ ಗೊತ್ತಾದ ಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದವು. ನಾಯಿಯ ತಿಂಡಿಯನ್ನೇ ಇದಕ್ಕೂ ಹಾಕಿ ಸಾಗಿಸಬೇಡ. ಇದರ ಲೆಕ್ಕವೇ ಬೇರೆ. ಪೊಟ್ಟಣದ ಮೇಲೆ ಬೆಕ್ಕಿಗೆಂದೂ, 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದೂ ಇರಲಿ. ಮರಿಗಾದರೆ 'ಕಿಟನ್' ಎಂದಿರುವುದೇ ಬೇಕು.

ಆಗೀಗ ಕೋಳಿ ಬೇಯಿಸಿ ಹಾಕುತ್ತೀಯಾ? ಉಪ್ಪು, ಮಸಾಲೆ ಬೇಡ. ಮೂಳೆ ಬಿಡಿಸಿಬಿಡು, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಬೆಂದ ನೀರನ್ನು ಚೆಲ್ಲಬೇಡ, ಟಾರಿನ್ ಅದರಲ್ಲಿ ಕರಗಿರುತ್ತದೆ; ಆರಿಸಿ ಮಾಂಸದ ಜೊತೆಗೇ ಕೊಡು. ಬರೀ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಹಾಗಾಗಿ ಅದನ್ನೇ ದಿನದೂಟ ಮಾಡಬೇಡ. ನಿನ್ನ ತಟ್ಟೆಯ ಸಾರನ್ನವಂತೂ ಬೇಡವೇ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಲು ಕಂಡರೆ ಓಡಿಬರುತ್ತದೆ, ಸರಿ. ದೊಡ್ಡದಾದ ಮೇಲೆ ಬಹುಪಾಲು ಬೆಕ್ಕುಗಳಿಗೆ ಅದು ದಕ್ಕುವುದಿಲ್ಲ, ಭೇದಿ ಹತ್ತುತ್ತದೆ.

ನೀರಿನ ಕಡೆಗೂ ಗಮನವಿರಲಿ. ಬೆಕ್ಕಿನ ಪೂರ್ವಜರು ಮರುಭೂಮಿ ಸೀಮೆಯವರು, ಬಾಯಾರಿಕೆ ಕಡಿಮೆ. ಒಣ ಕಾಳಿನ ಜೊತೆಗೆ ದಿನಕ್ಕೊಮ್ಮೆಯಾದರೂ ಹಸಿ ಆಹಾರ ಕೊಡು, ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಇಡು. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬಾರದಿದ್ದರೆ ಆ ಕ್ಷಣವೇ ಡಾಕ್ಟರ ಬಳಿಗೆ ಓಡು.

ನಾಲ್ಕು ಕೆ.ಜಿ.ಯ ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಸಾಕು. ಅಳೆದು, ಮೂರು ನಾಲ್ಕು ಸಲ ಹಂಚಿ ಕೊಡು. ಆಹಾರ ಬದಲಿಸುವುದಿದ್ದರೆ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಒಂದು ವಾರ ತೆಗೆದುಕೋ. ಮೊಂಡು ಹಿಡಿದು ತಿನ್ನದಿದ್ದರೆ "ಹಸಿದಾಗ ತಾನೇ ತಿನ್ನುತ್ತೆ" ಅಂತ ಬಿಡಬೇಡ. ಕೆಲವೇ ದಿನ ಹೊಟ್ಟೆಗಿಲ್ಲದಿದ್ದರೂ, ಅದರಲ್ಲೂ ದಪ್ಪ ಬೆಕ್ಕಿಗೆ, ಕೊಬ್ಬು ಪಿತ್ತಜನಕಾಂಗಕ್ಕೆ ಸೇರಿ ಜೀವಕ್ಕೇ ಕುತ್ತು. ಏಕಾದಶಿ ನೀನು ಮಾಡು ತಾಯಿ, ಬೆಕ್ಕಿಗೆ ಹಚ್ಚಬೇಡ.