ಐಪೀಸ್ ಕೊಳ್ಳುವ ಮುಂಚೆ

1. ಐಪೀಸಿನ ಮೇಲಿನ ಮಿಲಿಮೀಟರ್ ಅಂಕೆ ಚಿಕ್ಕದಾದಷ್ಟೂ ಚಿತ್ರ ದೊಡ್ಡದು. ದೂರದರ್ಶಕದ ಸಂಗಮದೂರವನ್ನು ಆ ಅಂಕೆಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಸಿಗುತ್ತದೆ. ನನ್ನದು ಆರಿಂಚಿನ ಡಾಬ್ಸೋನಿಯನ್, ಸಂಗಮದೂರ 1200 ಮಿ.ಮೀ. 25ರ ಐಪೀಸ್ ಹಾಕಿದರೆ 48 ಪಟ್ಟು, 10ರದು ಹಾಕಿದರೆ 120. ಸಣ್ಣ ದೂರದರ್ಶಕದ ಡಬ್ಬಿಯ ಮೇಲೆ 525 ಪಟ್ಟು ಎಂದು ಅಚ್ಚಾಗಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

2. ಮೊದಲ ಖರ್ಚು ಕಡಿಮೆ ಪಟ್ಟಿನ ಐಪೀಸಿಗೇ ಆಗಲಿ. 32 ಮಿ.ಮೀ. ಪ್ಲಾಸಲ್ ಮಾದರಿಯ ಐಪೀಸಿನಲ್ಲಿ ಎರಡೂವರೆ ಹುಣ್ಣಿಮೆ ಚಂದ್ರರು ಸಾಲಾಗಿ ನಿಲ್ಲುವಷ್ಟು ಆಕಾಶ ಕಾಣುತ್ತದೆ. ಕೃತ್ತಿಕೆಯ ಮುಖ್ಯ ನಕ್ಷತ್ರಗಳು ಅದರಲ್ಲಿ ಹೇಗೋ ಹಿಡಿಸುತ್ತವೆ. ಹುಡುಕುವುದೂ ಸುಲಭ. ಸಾಮಾನ್ಯ ಡಾಬ್ಸೋನಿಯನ್‌ಗೆ ಮೋಟಾರ್ ಇಲ್ಲ, ಭೂಮಿಯಂತೂ ನಿಲ್ಲುವುದಿಲ್ಲ. 48 ಪಟ್ಟಿನಲ್ಲಿ ಗುರುಗ್ರಹ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು ನಾಲ್ಕು ನಿಮಿಷ ಬೇಕು. 240 ಪಟ್ಟಿನಲ್ಲಿ ಒಂದು ನಿಮಿಷವೂ ಇರುವುದಿಲ್ಲ. ಪಕ್ಕದವರನ್ನು ಕರೆದು ತೋರಿಸುವಷ್ಟರಲ್ಲಿ ಅದು ಹೊರಟೇಹೋಗಿರುತ್ತದೆ.

3. ಆರಿಂಚಿನ ದೂರದರ್ಶಕ 300 ಪಟ್ಟಿನವರೆಗೆ ತೋರಿಸಬಲ್ಲದು ಎಂಬುದು ಬರೀ ಲೆಕ್ಕದ ಮಾತು. ನಮ್ಮ ಸಿಮೆಂಟು ತಾರಸಿಗಳು ಹಗಲೆಲ್ಲ ಕುಡಿದ ಬಿಸಿಲನ್ನು ಕತ್ತಲಾದ ಮೇಲೂ ಬಹಳ ಹೊತ್ತು ಬಿಡುತ್ತಿರುತ್ತವೆ. ಆ ಬಿಸಿ ಗಾಳಿಯಲ್ಲಿ ಗುರುವಿನ ಪಟ್ಟೆಗಳು ಕುದಿಯುವ ಸಾರಿನ ಹಾಗೆ ಕದಲುತ್ತವೆ. ಎಷ್ಟು ದುಬಾರಿ ಐಪೀಸ್ ಹಾಕಿದರೂ ಅಷ್ಟೇ. ಮಣ್ಣಿನ ಅಂಗಳ ಇದ್ದರೆ ದೂರದರ್ಶಕವನ್ನು ಅಲ್ಲಿಗೇ ಇಳಿಸಿ. 120 ಪಟ್ಟಿನಲ್ಲಿ ನಿಶ್ಚಲವಾಗಿ ನಿಂತ ಗುರು 250ರಲ್ಲಿ ನಡುಗುವ ಗುರುವಿಗಿಂತ ಹೆಚ್ಚು ವಿವರ ಕೊಡುತ್ತಾನೆ.

4. ಕನ್ನಡಕದವರು ಗಮನಿಸಿ. ಬರೀ ಪ್ಲಸ್ಸೋ ಮೈನಸ್ಸೋ ಇದ್ದರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿದರೆ ಸಾಕು. ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ಹಾಕಿಕೊಂಡೇ ನೋಡಬೇಕಾಗಬಹುದು. ಆಗ ಕಣ್ಣಿಗೂ ಗಾಜಿಗೂ ನಡುವೆ 15ರಿಂದ 20 ಮಿ.ಮೀ. ಅಂತರ ಕೊಡುವ ಐಪೀಸನ್ನೇ ಕೇಳಿ. 4 ಮಿ.ಮೀ. ಪ್ಲಾಸಲ್‌ನಲ್ಲಿ ಬರಿಗಣ್ಣಿನವರ ರೆಪ್ಪೆಯೇ ಗಾಜಿಗೆ ತಾಗುತ್ತದೆ.

5. ಐಪೀಸಿನ ಜೊತೆ ಹಾಕುವ ಎರಡು ಪಟ್ಟಿನ ಬಾರ್ಲೋ ಮಸೂರ 25ನ್ನು 12.5 ಮಾಡುತ್ತದೆ, 10ನ್ನು 5. ಅದಿದ್ದ ಮೇಲೆ ಬೇರೆ 12ರದು ದಂಡ.

6. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಗಾಜಿಗೆ ಬೂಷ್ಟು ಹತ್ತುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಇರಲಿ. ಬೀದಿಯ ಮಕ್ಕಳೆಲ್ಲ ಸಾಲಾಗಿ ನಿಂತು ಚಂದ್ರನನ್ನು ನೋಡಿದ ರಾತ್ರಿ ಐಪೀಸಿನ ತುಂಬ ಕಾಡಿಗೆ, ಎಣ್ಣೆ. ಸೆರಗಿನಿಂದ, ಅಂಗಿಯಿಂದ ಉಜ್ಜಬೇಡಿ. ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ. ಆಮೇಲೆ ಲೆನ್ಸ್ ಟಿಶ್ಯೂಗೆ ಒಂದು ಹನಿ ಲೆನ್ಸ್ ಒರೆಸುವ ದ್ರಾವಣ ಹಾಕಿ, ಒತ್ತದೆ, ನಡುವಿನಿಂದ ಅಂಚಿಗೆ ಒರೆಸಿ.